ಕೈತುಂಬ ಕೆಂಪು ಬಿಳಿ ದಾರ

ಫೆಬ್ರವರಿ 6, ಮಂಗಳವಾರ

ಮೇಣ ಕಾಯಿಸಿ ಕಟ್ಟುಹಲ್ಲಿನ ಸೆಟ್ಟಿನಲ್ಲಿ ಮೇಲ್ದವಡೆಯ ನಾಲ್ಕನೇ ಹಲ್ಲು ಕೂರಿಸುತ್ತಿದ್ದೆ. ಫೋನು. ಹೆಸರು ನೋಡುವ ಮೊದಲೇ ಗೊತ್ತು — ಶಾಲೆ. ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತು. ಯಾರೂ ತಲೆ ಎತ್ತಲಿಲ್ಲ.

ಮಗಳು ನೆವೆನಾ ಈ ಸಲ ತನ್ನ ತರಗತಿಯ ಕಲಿನಾಳನ್ನು ಕಚ್ಚಿದ್ದಾಳೆ. ತೋಳಿಗೆ. ಎರಡನೇ ತರಗತಿಗೆ ಬಂದಮೇಲೆ ಇದು ನಾಲ್ಕನೇ ಮಗು. ಶಾಲೆಯ ಕಾರಿಡಾರಿನಲ್ಲಿ ಕಲಿನಾಳ ತಾಯಿ ವ್ಯಾರಾ ಗಾಯದ ಫೋಟೋ ಹಿಡಿದು ನಿಂತಿದ್ದಳು.

"ಹಲ್ಲು ಕಟ್ಟೋದೇ ಅಲ್ವಾ ನಿನ್ನ ಕಸುಬು? ನೋಡು, ನಿನ್ನ ಮಗಳ ಕೆಲಸಾನೂ ನೋಡು!"

ನೋಡಿದೆ. ನಾಚಿಕೆಯಾಗಬೇಕು ನನಗೆ — ಮೊದಲು ಕಣ್ಣಿಗೆ ಬಿದ್ದದ್ದು ಆ ಮಗುವಿನ ನೋವಲ್ಲ, ಹಲ್ಲಿನ ಸಾಲು. ಮೇಲಿನ ಮುಂದಿನ ಎಡ ಹಲ್ಲು ಸ್ವಲ್ಪ ತಿರುಚಿಕೊಂಡಿದೆ. ಸಾವಿರ ಗುರುತುಗಳ ನಡುವೆಯೂ ಅವಳದ್ದನ್ನು ಹೆಕ್ಕಿ ತೆಗೆಯಬಲ್ಲೆ.

ಮನೆಯ ದಾರಿಯಲ್ಲಿ ನೆವೆನಾಳನ್ನು ಕೇಳಿದೆ, ಯಾಕೆ?

"ಎಲ್ಲರೂ ಒಟ್ಟಿಗೆ ಕೂಗ್ತಿದ್ರು. ಆ ಕೂಗು ನನ್ನೊಳಗೆ ಬಂತು. ಹೊರಗೆ ಹೋಗ್ಲೇ ಇಲ್ಲ."



ಫೆಬ್ರವರಿ 8, ಗುರುವಾರ

ಪೋಷಕರ ಸಭೆ. ಪ್ಲಾಮೆನ್ ಲಾರಿ ಓಡಿಸಿಕೊಂಡು ಆಸ್ಟ್ರಿಯಾದಲ್ಲಿದ್ದಾನೆ. ಗಂಡನಿದ್ದೂ ನಾನೊಬ್ಬಳೇ. ವ್ಯಾರಾ ಅರ್ಜಿ ತಂದಿದ್ದಳು — ನೆವೆನಾಳನ್ನು ಈ ತರಗತಿಯಿಂದ ತೆಗೆಯಬೇಕಂತೆ. ಇಪ್ಪತ್ಮೂರು ಮಕ್ಕಳು, ಹತ್ತೊಂಬತ್ತು ಮನೆಗಳ ಸಹಿ. ಬೇಸಿಗೆಯಲ್ಲಿ ನಮ್ಮ ಬಾಲ್ಕನಿಯಲ್ಲಿ ಕೂತು ಕಲ್ಲಂಗಡಿ ತಿಂದವರ ಸಹಿಯೂ ಇತ್ತು.

ಟೀಚರ್ ಗೆಂಚೆವಾ ಅದನ್ನು ತನ್ನ ಡ್ರಾಯರಿಗೆ ಹಾಕಿದಳು.

"ಮಾರ್ಚ್ ಮುಗಿಯೋವರೆಗೂ ನೋಡೋಣ. ಅಷ್ಟರಲ್ಲಿ ಇನ್ನೊಂದು ಸಲ ಆಯ್ತೋ, ಇದು ಪ್ರಿನ್ಸಿಪಾಲರ ಮೇಜಿಗೆ ಹೋಗುತ್ತೆ. ಆಮೇಲೆ ನನ್ನ ಕೈಲಿ ಏನೂ ಇರಲ್ಲ."

ಆಮೇಲೆ ಉಳಿಯುವುದು ರೈಲು ಹಳಿಯಾಚೆಯ ಶಾಲೆ. ಅಲ್ಲಿ ಮಕ್ಕಳನ್ನು ಕೂರಿಸಿಕೊಳ್ಳುತ್ತಾರೆ, ಕಲಿಸುವುದಿಲ್ಲ. ಮನಶ್ಶಾಸ್ತ್ರಜ್ಞೆಯನ್ನು ಕೇಳಿದೆ. ಮೇ ತಿಂಗಳವರೆಗೆ ಬಿಡುವಿಲ್ಲವಂತೆ.

ಮನೆಗೆ ಬಂದು ಅವಳ ಭುಜ ಹಿಡಿದು ಹೇಳಿದೆ.

"ಇನ್ಮೇಲೆ ಯಾರನ್ನೂ ಕಚ್ಚಬಾರದು. ಯಾರನ್ನೂ. ಗೊತ್ತಾಯ್ತಾ?"

"ಬಾಯಿವರೆಗೂ ಬಂದ್ಬಿಟ್ರೆ?"

"ನುಂಗ್ಕೋ."

ಬೇರೇನು ಹೇಳಲಿ? ನನಗೇನು ಗೊತ್ತು...

ಫೆಬ್ರವರಿ 17, ಶನಿವಾರ

ಹಲ್ಲು ಬಿತ್ತು. ತಿರುಚಿದ ಹಲ್ಲಿನ ಪಕ್ಕದ್ದು. ಅತ್ತೆ ತ್ಸೊಂಕಾ ಅದನ್ನು ತಮ್ಮ ಮನೆಯ ಸೂರಿನ ಮೇಲೆ ಎಸೆಸಿದರು — ಕಾಗೆ ಈ ಮೂಳೆಯ ಹಲ್ಲನ್ನು ಒಯ್ದು ಕಬ್ಬಿಣದ ಹಲ್ಲು ಕೊಡಲಿ ಅಂತ.

"ಕಬ್ಬಿಣದ್ದು ಬೇಡ ಅತ್ತೆ, ಹತ್ತೀದು ಕೇಳಿ," ಅಂದೆ. ಮೂವರೂ ನಕ್ಕೆವು. ಎಷ್ಟು ದಿನವಾಗಿತ್ತು.

ಹತ್ತು ದಿನ, ಫೋನಿಲ್ಲ. ಸ್ನಾನವನ್ನೂ ಈಗ ತಾನೊಬ್ಬಳೇ ಮಾಡುತ್ತಾಳೆ, ಬಾಗಿಲು ಹಾಕಿಕೊಂಡು. ಬುದ್ಧಿ ಬರುತ್ತಿದೆ.

ಮಾರ್ಚ್ 1, ಶುಕ್ರವಾರ, ಸಂಜೆ 5

ಎಡಗೈ ತುಂಬ ಮಾರ್ತೆನಿತ್ಸಾ! ಮಣಿಕಟ್ಟಿನಿಂದ ಅರ್ಧ ತೋಳಿನವರೆಗೆ ಕೆಂಪು ಬಿಳಿ ದಾರ. ಪ್ರತಿ ಮಾರ್ಚ್ ಒಂದಕ್ಕೆ ಬೇರೆ ಮಕ್ಕಳಿಗೆ ಗೆಳೆಯರು ಇದನ್ನು ಕಟ್ಟಿ ಕಟ್ಟಿ ಕೈ ತುಂಬುತ್ತಿತ್ತು. ಇವಳಿಗೆ ಹೋದ ವರ್ಷ ಇದ್ದದ್ದು ಎರಡು — ನನ್ನದೊಂದು, ಅತ್ತೆಯದೊಂದು.

"ಯಾರು ಕಟ್ಟಿದ್ದು ಇಷ್ಟೆಲ್ಲಾ?"

"ಎಲ್ಲರೂ."

ನಲ್ಲಿ ತಿರುಗಿಸಿ ಅದರ ಸದ್ದಿನಲ್ಲಿ ಅತ್ತುಬಿಟ್ಟೆ. ಪ್ಲಾಮೆನ್‌ಗೆ ಫೋನ್ ಮಾಡಿದೆ.

"ನಾನು ಹೇಳ್ಲಿಲ್ವಾ? ಮಕ್ಕಳು ನಮ್ಮಂಗಲ್ಲ ಕಣೇ, ಮರ್ತುಬಿಡ್ತಾರೆ," ಅಂದ. ಅವನ ಮೂಗೂ ಕಟ್ಟಿತ್ತು.

ಮಾರ್ಚ್ 8, ಶುಕ್ರವಾರ

ಮಹಿಳಾ ದಿನ. ಟೀಚರಿಗೆ ಹೂ ಕೊಡಲು ಹೋದೆ.

"ಏನು ಮಾಡ್ತಿದೀರೋ ಅದನ್ನೇ ಮಾಡ್ತಾ ಇರಿ. ಎಷ್ಟು ಸುಮ್ನಿರ್ತಾಳೆ ಈಗ!"

ನಾನೇನೂ ಮಾಡಿಲ್ಲ. ಅದನ್ನು ಹೇಳಲಿಲ್ಲ. ಹೊಗಳಿಕೆ ಸಿಕ್ಕಿ ಯಾವ ಕಾಲವಾಯಿತೋ, ಜೇಬಿಗಿಳಿಸಿಕೊಂಡು ಬಂದೆ. ಗೇಟಿನ ಹತ್ತಿರ ವ್ಯಾರಾ ತಲೆಯಾಡಿಸಿದಳು. ನಾನೂ.

ಮಾರ್ಚ್ 26, ಮಂಗಳವಾರ

ನಮ್ಮ ಕಟ್ಟಡದ ಹಿಂದಿನ ಪ್ಲಮ್ ಮರ ಹೂ ಬಿಟ್ಟಿದೆ. ಕೊಕ್ಕರೆಯೋ ಹೂ ಬಿಟ್ಟ ಮರವೋ ಕಂಡಮೇಲೆ ಮಾರ್ತೆನಿತ್ಸಾ ಬಿಚ್ಚುವುದು ರೂಢಿ; ಮಕ್ಕಳೆಲ್ಲ ದಾರ ಬಿಚ್ಚಿ ಕೊಂಬೆಗೆ ಕಟ್ಟಿದರು. ಇವಳು ಕೈ ಬೆನ್ನ ಹಿಂದೆ ಬಚ್ಚಿಟ್ಟಳು.

"ನಾನಿನ್ನೂ ಕೊಕ್ಕರೆ ನೋಡಿಲ್ಲ."

"ಮರ ಹೂ ಬಿಟ್ರೆ ಸಾಕಾಯ್ತು," ಅಂದರು ಅತ್ತೆ. "ಕೊಕ್ಕರೆ ಏನು ನಿಂಗೆ ಕಾಗದ ಬರೀಬೇಕಾ?"

ಕಿರುಚಿದಳು. ನೆಲಕ್ಕೆ ಬಿದ್ದು ಒದ್ದಾಡಿದಳು. ಬಿಟ್ಟುಬಿಟ್ಟೆವು.

"ನನ್ನ ಉಣ್ಣೆ ಎಲ್ಲಾ ಖಾಲಿ ಮಾಡಿದಾಳೆ ಕಣೆ. ಕೆಂಪು ಉಂಡೆ, ಬಿಳಿ ಉಂಡೆ, ಎರಡೂ," ಅಂದರು ಅತ್ತೆ ಮೆಟ್ಟಿಲಲ್ಲಿ.

ಗೆಳತಿಯರಿಗೆ ಕೊಟ್ಟಿರಬೇಕು ಅಂದೆ. ಗೆಳತಿಯರು! ಆ ಮಾತು ಆಡಲಿಕ್ಕೇ ಖುಷಿ.

ಮಾರ್ಚ್ 29, ಶುಕ್ರವಾರ

ಟೀಚರ್ ಅರ್ಜಿಯನ್ನು ನನ್ನೆದುರೇ ವ್ಯಾರಾಳಿಗೆ ವಾಪಸು ಕೊಟ್ಟಳು. ಗೆದ್ದೆವು. ಕೇಕ್ ತಂದೆ.

ದಾರ ಕೊಳೆಯಾಗಿ ನಾರುತ್ತಿತ್ತು. ಚಿಕ್ಕ ಕತ್ತರಿ ತೆಗೆದುಕೊಂಡು ಅವಳನ್ನು ಮಡಿಲಲ್ಲಿ ಅದುಮಿ ಹಿಡಿದೆ. ಕತ್ತರಿಸಿದೆ.

ಕೆಳಗೆ ಹಲ್ಲಿನ ಗುರುತುಗಳು. ಒಂದರ ಮೇಲೊಂದು. ಕೆಲವು ಹಳದಿಗೆ ತಿರುಗಿವೆ. ಕೆಲವು ಇವತ್ತಿನವು. ತಿರುಚಿದ ಮುಂದಿನ ಹಲ್ಲು... ಅದರ ಪಕ್ಕ ಖಾಲಿ ಜಾಗ.

"ನಾನು ಯಾರನ್ನೂ ಕಚ್ಚಿಲ್ಲಮ್ಮಾ," ಅಂದಳು. "ನೀ ಹೇಳ್ದಂಗೇ ಮಾಡ್ದೆ."

ಕಲಿನಾ ಒಂದು ದಾರ ಕಟ್ಟಿದ್ದಳಂತೆ. ಕಲಿನಾ ಒಬ್ಬಳೇ. ಉಳಿದದ್ದೆಲ್ಲ ಅಜ್ಜಿಯ ಉಣ್ಣೆ, ತಾನೇ ಹೊಸೆದದ್ದು.

ಕೇಕ್ ಹಾಗೇ ಇದೆ.

ಮಾರ್ಚ್ 31, ಭಾನುವಾರ, ಮಧ್ಯಾಹ್ನ 3

ಎರಡು ದಿನದಿಂದ ಫೋನ್ ಹಿಡಿದು ಕೂತಿದ್ದೇನೆ. ಟೀಚರಿಗೆ ಹೇಳಿದರೆ ಅರ್ಜಿ ಮತ್ತೆ ಬರುತ್ತದೆ. ಹೇಳದಿದ್ದರೆ ನಾಳೆ ಇನ್ನೊಂದು ಗುರುತು. ಎತ್ತ ಹೋದರೂ ಮಗುವಿನ ಮೇಲೇ ಕಾಲಿಡಬೇಕು. ಪ್ಲಾಮೆನ್ ಬರುತ್ತೇನೆ ಅಂದಿದ್ದಾನೆ. ಹತ್ತು ದಿನ ಬೇಕಂತೆ.

ಈಗ ತಾನೇ ಪಕ್ಕಕ್ಕೆ ಬಂದು ಕೂತಳು.

"ನಾಳೆ ದಾರ ಇರಲ್ಲ. ಯಾವುದ್ರಿಂದ ಮುಚ್ಕೊಳ್ಲಿ?"

ತೋಳಂಗಿ ಮಡಿಸಿ ನನ್ನ ತೋಳು ಚಾಚಿದೆ. "ಬಾಯಿವರೆಗೂ ಬಂದ್ರೆ ಮನೆಗೆ ತಗೊಂಡ್ ಬಾ. ನನ್ನ ಕಚ್ಚು. ಈಗ್ಲೇ ಬೇಕಾದ್ರೂ ಕಚ್ಚು."

ನನ್ನ ತೋಳನ್ನು ನೋಡಿದಳು. ಆಮೇಲೆ ತೋಳಂಗಿಯನ್ನು ಮೆಲ್ಲಗೆ ಕೆಳಗೆಳೆದು ಮುಚ್ಚಿದಳು.

"ಯಾರನ್ನೂ ಅಂದಿದ್ಯಲ್ಲಮ್ಮಾ. ನೀನೂ ಸೇರಿ ತಾನೇ?"

ಉತ್ತರಕ್ಕೆ ಕಾಯುತ್ತಿದ್ದಾಳೆ.