ಕೂಗಿದರೆ ತಿರುಗುವ ಹರಿಗೋಲು

ಕಳ್ಳಂಬೆಳ್ಳ,
೧೨ನೇ ಡಿಸೆಂಬರ್ ೧೯೩೭

ಮಧುಗಿರಿಯ ಅಮಲ್ದಾರ್ ಕಚೇರಿಯಲ್ಲಿ ದಫೇದಾರರಾಗಿ ಮೆರೆಯುತ್ತಿರುವ ನನ್ನ ಯಜಮಾನರಿಗೆ, ತವರಿನಿಂದ ನಾಗರತ್ನ ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ಅಂಗೈಯಲ್ಲಿ ಬೊಬ್ಬೆ ಎದ್ದಿರುವುದರಿಂದ ಅಕ್ಷರ ಸೊಟ್ಟಗಾಗಿದೆ. ಕಲಿಸಿದವರು ನೀವೇ, ಓದಲು ಬರುವುದಿಲ್ಲ ಅನ್ನಬೇಡಿ.

ನಿಮ್ಮ ಕಾಗದ ತಲುಪಿತ್ತು. ಹುಟ್ಟು ಹಿಡಿದರೆ ನನ್ನ ಹೊಸಿಲು ತುಳಿಯಬೇಡ, ದಫೇದಾರನ ಹೆಂಡತಿ ಕೆರೆಯಲ್ಲಿ ಹರಿಗೋಲು ನಡೆಸಿದರೆ ನನ್ನ ಪೇಟಕ್ಕೆ ಏನು ಮರ್ಯಾದೆ ಎಂದು ಬರೆದಿದ್ದಿರಿ. ಓದಿದೆ. ಮಡಿಸಿಟ್ಟೆ. ಹುಟ್ಟು ಹಿಡಿದೆ.

ನಮ್ಮ ಕೆರೆಯಲ್ಲಿ ಜನ ದಾಟಿಸುವ ಕಡವಿನ ಹಕ್ಕನ್ನು ಎರಡು ಮನೆಯವರು ಕೇಳಿದರೆ ಹಿರಿಯರು ಎರಡು ಹರಿಗೋಲನ್ನೂ ನೀರಿಗಿಳಿಸುತ್ತಾರೆಂಬುದು ನಿಮಗೂ ಗೊತ್ತು. ಬೆಳಗಿನಿಂದ ಸಂಜೆಯವರೆಗೆ ಏರಿಗೂ ಆಚೆ ದಡದ ಆಲದ ಮರಕ್ಕೂ ಆರು ಸುತ್ತು, ಊಟವೂ ಹರಿಗೋಲಿನಲ್ಲೇ. ಮೊದಲು ಮುಗಿಸಿದವರಿಗೆ ಕಡವು. ಈ ಸಲ ಶಿರಾದ ರುದ್ರಯ್ಯ ಕೇಳಿದ್ದ. ಅಪ್ಪನ ಬಲಭುಜ ಏಳುವುದಿಲ್ಲ, ಗಂಡು ಮಕ್ಕಳಿಲ್ಲ. ಕಡವು ಹೋದರೆ ಅಪ್ಪ ಯಾರ ಬಾಗಿಲಲ್ಲಿ ನಿಲ್ಲಬೇಕಿತ್ತು? ನಿಮ್ಮ ಪೇಟದ ನೆರಳಿನಲ್ಲೋ?

ಮಧ್ಯಾಹ್ನದವರೆಗೆ ನಾನೇ ಮುಂದಿದ್ದೆ. ಆಮೇಲೆ ಗಾಳಿ ಎದ್ದಿತು. ರುದ್ರಯ್ಯ ದಪ್ಪ ಆಳು, ಅವನ ಹರಿಗೋಲು ಅಲುಗಲಿಲ್ಲ. ನನ್ನದು ಬೀಸುಕಲ್ಲಿನ ಹಾಗೆ ನಿಂತಲ್ಲೇ ಸುತ್ತತೊಡಗಿತು. ಅಳು ಬಂತು, ಸುಳ್ಳೇಕೆ ಹೇಳಲಿ. ಕೊನೆಯ ಸಲ ಆಲದ ಮರ ಮುಟ್ಟಿ ಹೊರಟಾಗ ಅವನು ಕೂಗಳತೆ ಮುಂದಿದ್ದ.

ಆಗ ಹಿಂದಿನಿಂದ, "ಓ ನಾಗರತ್ನ, ನನ್ನೂ ದಾಟಿಸ್ಬುಡೇ" ಅಂತ ಕೂಗು ಕೇಳಿಸಿತು. ನಿಮ್ಮ ತಾಯಿ. ಕಾಲ ಬಳಿ ಅವರೆಕಾಯಿ ಮೂಟೆ. ದಡದಿಂದ ಕೂಗಿದವರನ್ನು ಬಿಟ್ಟು ಹೋದ ಅಂಬಿಗ ಮತ್ತೆ ಹುಟ್ಟು ಮುಟ್ಟುವ ಹಾಗಿಲ್ಲ. ಜಯಮಂಗಲಿ ಹೊಳೆ ದಾಟಿಸುತ್ತಿದ್ದ ನಿಮ್ಮ ತಂದೆಯೂ ಹಾಗೇ ನಡೆದುಕೊಂಡವರು. ದನ ಕಾಯುವವರು "ತಿರುಗ್ಬ್ಯಾಡ ಕಣಮ್ಮ, ಓಗ್ಬುಡು" ಅಂದರು. ಹಲ್ಲು ಕಚ್ಚಿಕೊಂಡು ತಿರುಗಿಸಿದೆ. ಎಲ್ಲ ಮುಗಿಯಿತು ಅಂದುಕೊಂಡೆ. ಅತ್ತೆಯನ್ನು ಮನಸ್ಸಿನಲ್ಲೇ ಬೈದೆ.

ಅತ್ತೆ ನಡುವೆ ಕುಳಿತು ಮೂಟೆ ಎಳೆದುಕೊಂಡರು. ಹರಿಗೋಲು ನೀರಿನಲ್ಲಿ ತುಸು ಇಳಿದು ಕುಳಿತಿತು. ಗಾಳಿ ಬೀಸುತ್ತಲೇ ಇತ್ತು, ಆದರೆ ಸುತ್ತುವುದು ನಿಂತುಹೋಯಿತು. ಹುಟ್ಟು ಹಾಕಿದಷ್ಟೂ ನೆಟ್ಟಗೆ ಹೋಯಿತು. "ಅಂಗಲ್ಲ ಕಣೇ, ಉದ್ದುಕ್ಕೆ ಎಳಿ, ಅವನ್ನ ಬುಡಬ್ಯಾಡ" ಅಂತ ಅತ್ತೆ ದಾರಿಯುದ್ದಕ್ಕೂ ಬೈಯುತ್ತಾ ಬಂದರು. ರುದ್ರಯ್ಯನ ಕೈ ಸೋತಿತ್ತು. ಅವನಿಗಿಂತ ಒಂದು ಮಾರು ಮೊದಲು ಏರಿ ಮುಟ್ಟಿದೆ.

ಇಬ್ಬರು ಕುಳಿತಿದ್ದರು, ಇದು ನ್ಯಾಯವಲ್ಲ ಎಂದು ಅವನು ತಕರಾರು ತೆಗೆದ. ಹಿರಿಯರಾದ ಚನ್ನಮಲ್ಲಯ್ಯನವರು "ಅರಿಗೋಲಿರಾದೇ ಜನ ದಾಟ್ಸಾಕೆ ಕಣ್ಲಾ" ಅಂದರು. ಕಡವು ಅಪ್ಪನ ಮನೆಯಲ್ಲೇ ಉಳಿಯಿತು. ನಾಳೆಯಿಂದ ನಡೆಸುವವಳು ನಾನು. ಕಚೇರಿಯಲ್ಲಿ ಯಾರಾದರೂ ಕೇಳಿದರೆ ಹೌದು ಅನ್ನಿ.

ಇಂತಿ, ನಿಮ್ಮ ಹೊಸಿಲು ತುಳಿಯದೆ ಇರುವ
ದೊಡ್ಡರಂಗಪ್ಪನವರ ಮಗಳು
ನಾಗರತ್ನ

ಮರೆತಿದ್ದೆ: ಅತ್ತೆ ಊಟಕ್ಕೆ ಕುಳಿತಾಗ ಎಲ್ಲ ಹೇಳಿದರು. ಕೊನೆಯ ಸುತ್ತಿನಲ್ಲಿ ಕೂಗು, ಅವಳು ತಿರುಗಲೇಬೇಕು, ಸೋಲುತ್ತಾಳೆ ಎಂದು ಬಸ್ಸು ಹತ್ತಿಸಿ ಕಳಿಸಿದವರು ನೀವೇ ಅಂತೆ. ಕಟ್ಟಳೆ ನಿಮಗೆ ನೆನಪಿತ್ತು. ಭಾರವಿಲ್ಲದ ಹರಿಗೋಲು ಗಾಳಿಗೆ ನಿಲ್ಲುವುದಿಲ್ಲ ಎಂಬುದು ಮರೆತಿತ್ತು. ಅತ್ತೆ ಮರೆತಿರಲಿಲ್ಲ. ಮೂಟೆ ಬಿಚ್ಚಿದರೆ ಅವರೆಕಾಯಿಯ ಕೆಳಗೆ ಆ ದಡದ ಗುಂಡುಕಲ್ಲುಗಳಿದ್ದವು. ಸದ್ಯಕ್ಕೆ ಅವರು ಇಲ್ಲೇ ಇರುತ್ತಾರಂತೆ, ನಿಮ್ಮ ಮುದ್ದೆ ನೀವೇ ತಿರುವಿಕೊಳ್ಳಿ. ನಾವು ಬೇಕೆನಿಸಿದರೆ ಪೇಟ ತೆಗೆದಿಟ್ಟು ಬಂದು ಆಲದ ಮರದ ಹತ್ತಿರ ನಿಂತು ಕೂಗಿ. ಕೂಗಿದವರನ್ನು ನಾನು ಬಿಟ್ಟು ಹೋಗುವ ಹಾಗಿಲ್ಲ.