ಪಟ್ಟಾಕ್ಕೆ ಹೊಡೆದ ಹಲಗೆ

ದೇವಕ್ಕಾ,

ಹೆಂಡತಿಯ ಹೆಸರು ಹೇಳಿದರೆ ಜನ ನಗುತ್ತಾರೆಂದು ನೀನಿದ್ದಾಗ ಒಮ್ಮೆಯೂ ಹೆಸರು ಹಿಡಿದು ಕರೆಯಲಿಲ್ಲ. ಈಗ ಕರೆದರೆ ನಗುವವರಿಲ್ಲ.

ಬೈಲಹೊಂಗಲದ ಹತ್ತಿ ಗಿರಣಿಯಲ್ಲಿ ಸೆರಗು ಹಿಡಿದು ನಿನ್ನನ್ನು ಎಳೆದುಕೊಂಡ ಆ ಯಂತ್ರದ ಗಾಲಿ ತಿರುಗಿಸುವ ಪಟ್ಟಾಕ್ಕೆ ಇವತ್ತು ಹಲಗೆಯ ಮರೆ ಬಂತು. ಕಂಪನಿಯ ಹೊಸ ಸಾಹೇಬ ಹೇಳಿದ, ಬಡಿಗನಾದ ನಾನೇ ಮಾಡಿದೆ. ನಾಲ್ಕು ಹಲಗೆ, ಒಂದು ಹಿಡಿ ಮೊಳೆ. ಬೇಕಾಗಿದ್ದುದು ಅಷ್ಟೇ.

ತಮ್ಮ ದೇಶದ ಗಿರಣಿಗಳಲ್ಲಿ ಇದು ಮೊದಲಿನಿಂದಲೂ ಇದೆ ಎಂದು ಸಾಹೇಬ ತನ್ನ ಮುರುಕು ಕನ್ನಡದಲ್ಲಿ ಹೇಳಿದ. ಹತ್ತಿ ಹಸನು ಮಾಡುತ್ತಿದ್ದ ನಿನ್ನ ಗೆಳತಿ ಮಾಯವ್ವ ಎದ್ದು ನಿಂತಳು.

"ಅಷ್ಟು ದೂರದಿಂದ ಯಂತ್ರ ತಂದ್ರಿ. ಇದೊಂದನ್ನ ಯಾಕ ಅಲ್ಲೇ ಬಿಟ್ಟು ಬಂದ್ರಿ, ಸಾಹೇಬ್ರ?"

ಅವನ ಮುಖ ಕೆಂಪಾಯಿತು. ಪಾಪ, ಅವನು ಬಂದು ಇನ್ನೂ ತಿಂಗಳಾಗಿಲ್ಲ. ಬಿಟ್ಟು ಬಂದವನು ಅವನಲ್ಲ. ಆದರೂ ಅವಳೆದುರು ತಲೆ ತಗ್ಗಿಸಿ ನಿಂತ. ಆಮೇಲೆ ಯಂತ್ರ ಶುರು ಮಾಡಿಸಿ, ಯಾವುದಾದರೂ ಬಟ್ಟೆ ಹಿಡಿದು ನೋಡು ಎಂದು ನನಗೆ ಹೇಳಿದ.

ನಿನ್ನ ಇಳಕಲ್ ಸೀರೆಯನ್ನು ಬೆಳಿಗ್ಗೆಯೇ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಅದರ ಸೆರಗನ್ನು ಹಲಗೆಯ ಸಂದುಸಂದಿಗೂ ಹಿಡಿದೆ. ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ, ದೇವಕ್ಕಾ. ಪಟ್ಟಾದ ಗಾಳಿಗೆ ಸ್ವಲ್ಪ ಹಾರಾಡಿ, ನನ್ನ ಕೈಗೇ ತಿರುಗಿ ಬಂತು.