ಕಡವೆಗೆ ಯಾವ ಗುಂಡು

ನವೆಂಬರ್ 9, ಶನಿವಾರ. ಅತನೂರ

ಕಡವೆಯ ಕಥೆ ಮೊದಲು ಹೇಳಿದವರು ನಮ್ಮ ಮಾವ ಮಲ್ಕಪ್ಪ. ನಾನು ಸೊಸೆಯಾಗಿ ಬಂದ ವರ್ಷ, ಎಳ್ಳಮಾಸಿಯ ದಿನ, ಹೊಲದಲ್ಲಿ ಭಜ್ಜಿ ರೊಟ್ಟಿ ಉಣ್ಣುವಾಗ. ಮದುವೆಗೆ ಮೊದಲು ಕಟ್ಟಿಗೆ ಗುತ್ತಿಗೆದಾರ ಶರಫುದ್ದೀನರ ಜೊತೆ ದಾಂಡೇಲಿ ಅಡವಿಗೆ ಹೋಗಿದ್ದರಂತೆ. ಆಗ ಬೇಟೆಗೆ ಸರ್ಕಾರದ ಚೀಟಿ ಸಿಗುತ್ತಿತ್ತು. ಬಂದೂಕು ಮಾವನದೇ — ಬಾಯಿಯಿಂದ ಮದ್ದು ತುಂಬುವಂಥದು. ಸೀಸದ ಗುಂಡು ಹಾಕಿದರು, ಹೊಡೆದರು, ಕಡವೆ ಮೊಣಕಾಲೂರಿ ಮತ್ತೆ ಎದ್ದು ಹೋಯಿತು.

ಇದೆಲ್ಲ ಇವತ್ತು ಯಾಕೆ ಬರೆಯುತ್ತಿದ್ದೇನೆ ಅಂದರೆ, ನನ್ನ ಗಂಡ ಅಜಯಕುಮಾರ ಆ ಬಂದೂಕನ್ನು ಗೋಡೆಯಿಂದ ಇಳಿಸಿದ್ದಾರೆ. ಲೈಸೆನ್ಸ್ ಅವರ ಹೆಸರಿಗೆ ಆಗಿದೆ. ತೊಗರಿಗೆ ಕಾಡುಹಂದಿ ಬೀಳುತ್ತಿವೆ. ಕೊಲ್ಲಬೇಡಿ, ಸಪ್ಪಳ ಮಾಡಿ ಓಡಿಸಿ ಅಂದಿದ್ದಾರೆ ಅರಣ್ಯದವರು. ಇವರು ಗುಂಡಿಲ್ಲದೆ ಬರೀ ಮದ್ದು ಹಾಕಿ ಹಾರಿಸುತ್ತಾರಂತೆ.

ಮಾವ ಹೊರಸಿನ ಮೇಲಿಂದ ನೋಡಿದರು.

"ಅದರಾಗ ಗುಂಡು ಅದಲೇ."

"ಎಂದಿಂದಪ್ಪಾ?"

"ಕಡವೀದು."

"ಕಡವಿಗಿ ಹೊಡದೆ ಅಂತಿದ್ದಿ?"

ಮಾವ ಗೋಡೆ ಕಡೆ ಹೊರಳಿದರು.

ನವೆಂಬರ್ 10

ತಲೆಯಲ್ಲಿ ಅದೇ. ಮಗಳು ಸೃಷ್ಟಿಯ ತೊಟ್ಟಿಲ ದಿನ ಇದೇ ಕಥೆ ಬೇರೆ ಥರ ಹೇಳಿದ್ದರು. ಅವತ್ತು ಗುಂಡು ಸೀಸದ್ದಲ್ಲ, ಕಬ್ಬಿಣದ್ದು. ಹೊಡೆಯಲೇ ಇಲ್ಲ. "ಅದರ ಕಣ್ಣು ನೋಡಿದೆ, ಕೈ ಏಳಲಿಲ್ಲ" ಅಂದರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಯಾರೂ ತಕರಾರು ಮಾಡಲಿಲ್ಲ. ನಾನೂ ಮಾಡಲಿಲ್ಲ. ಕಿಣ್ಣಿ ಸುಲ್ತಾನ ಊರಿನ ನಮ್ಮಜ್ಜಿ ಒಂದೇ ಕಥೆಯನ್ನು ಮೂರು ಥರ ಹೇಳುತ್ತಿದ್ದಳು. ನಾನು ಅವಳಿಂದಲೇ ಕಲಿತವಳು. ಕೂತವರನ್ನು ನೋಡಿ ಹೇಳೋದು. ಕಥೆಯಲ್ಲಿ ಎರಡೂ ಹಿಡಿಸುತ್ತವೆ. ಬಂದೂಕಿನ ನಳಿಗೆಯಲ್ಲಿ?

ಇವರು ಸಂತೆಗೆ ಹೋದಾಗ ಮದ್ದು ಜಡಿಯುವ ಕಂಬಿ ಒಳಗೆ ಬಿಟ್ಟೆ. ನಳಿಗೆಯ ಬಾಯಿ ಮಟ್ಟಕ್ಕೆ ಕಂಬಿಗೆ ಸುಣ್ಣದ ಗುರುತು ಹಚ್ಚಿದೆ. ಹೊರಗೆ ತೆಗೆದು ನಳಿಗೆಯ ಪಕ್ಕ ಇಟ್ಟು ಅಳೆದೆ. ಐದು ಬೆರಳು ಕಡಿಮೆ. ತಳದಲ್ಲಿ ಏನೋ ಇದೆ.

ಬಂದ ಮೇಲೆ ಹೇಳಿದೆ. ನಕ್ಕರು. "ಕುಂಬಾರ ಹುಳ ಗೂಡು ಕಟ್ಟಿರತದ. ಮಣ್ಣಿಗಿ ಹೆದರ್ತಿ ಏನ್?"

ಮಣ್ಣೂ ಇರಬಹುದು. ಕಂಬಿ ತಾಗಿದ ಸಪ್ಪಳ ಮಂದ. ಸೀಸದ ಸಪ್ಪಳ ಹೇಗಿರುತ್ತದೆ ನನಗೇನು ಗೊತ್ತು.

ನವೆಂಬರ್ 13

ಬಂದವರೆಲ್ಲ ಗುಂಡಿನ ಪಂಡಿತರು. ಹಂದಿಗೆ ಛರ್ರಾ, ಸಣ್ಣ ಸೀಸದ ಕಾಳು, ಸಾಕು ಅಂತ ಒಬ್ಬರು. ಸೈಕಲ್ಲಿನ ಬಾಲ್ಸ್ ಹಾಕ್ರಿ ಅಂತ ಇನ್ನೊಬ್ಬರು. ಗುಂಡೇ ಹಾಕುವುದಿಲ್ಲ ಅಂದರೂ ಬಿಡರು. ಪಕ್ಕದ ಮನೆ ಗಂಗುಬಾಯಿ ಕೇಳಿದಳು, "ಕಡವಿ ಅಂದ್ರ ಎಂಥಾದಬೇ?"

"ಚಿಗರಿ ಇದ್ದಂಗ. ಖರೇ, ಎತ್ತಿನಷ್ಟು ಎತ್ತರ."

"ಅಷ್ಟು ದೊಡ್ಡದು ನಿಮ್ಮ ಮಾವಾರಿಗಿ ತಪ್ಪಿತೇನ?"

ಬಂದೂಕು ರಿಪೇರಿ ಮಾಡುವ ಜೇವರ್ಗಿಯ ಮಸೂದರಿಗೆ ಫೋನ್ ಹಚ್ಚಿದೆ. ಒಳಗೆ ಗುಂಡಿದ್ದು ಮೇಲೆ ಮತ್ತೆ ಮದ್ದು ಹಾಕಿದರೆ ನಳಿಗೆ ಮುಖದ ಮುಂದೆಯೇ ಒಡೆಯುತ್ತದಂತೆ.

"ತುಂಬ್ಯದೋ ಇಲ್ಲೋ?"

"ನೋಡದ ಹೆಂಗ ಹೇಳ್ಲಿ ಅಕ್ಕಾರ. ನಿಮ್ಮ ಮಾವಾರಿಗೇ ಕೇಳ್ರಿ."

ಕೇಳಿದೆ. "ಮಾವಾರ, ಗುಂಡು ಹಾರಿತೋ, ಇಲ್ಲೋ?"

"ಯಾವ ಕಥ್ಯಾಗವ್ವ?" ಅಂದರು.

ನಗಬೇಕೋ ಅಳಬೇಕೋ.

ನವೆಂಬರ್ 20, ರಾತ್ರಿ

ವಾರದಿಂದ ಬರೆದಿಲ್ಲ. ಇವರು ಮಾತು ಬಿಟ್ಟಿದ್ದರು. ಹಂದಿ ಮತ್ತೆ ಬಂದವು, ಕಾಯಿ ಕಟ್ಟಿದ ಗಿಡ ಮುರಿದು ಹಾಸಿವೆ. ಇವರು ಮದ್ದು ತಂದಿದ್ದಾರೆ. "ಕಥಿ ಕೇಳಿ ಕೇಳಿ ನಿನಗ ಹುಚ್ಚು ಹಿಡದದ" ಅಂದರು. ಬಂದೂಕು ನಾನು ಗೋಧಿ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದೆ. ಕೊಡಲಿಲ್ಲ. ಕಡೆಗೆ ಒಪ್ಪಂದ — ಮಾವ ಎಲ್ಲರ ಮುಂದೆ ಒಮ್ಮೆ ಕಥೆ ಹೇಳಲಿ. ಮಸೂದರನ್ನೂ ಕರೆಸಿದೆ. ಬೈಕಿನ ಮೇಲೆ ಬಂದರು.

ಅಂಗಳ ತುಂಬಿತ್ತು. ಮಾವ ಖುಷಿಯಲ್ಲಿ ಶುರು ಮಾಡಿದರು. "ಶರಫುದ್ದೀನಸಾಬ್ರು ಸೀಸದ್ದು ಹಾಕು ಅಂದ್ರು, ಭಾರ ಇರತದ, ಬಡದಲ್ಲಿ ಅಗಲ ಆಗತದ. ಅವರ ಆಳು ಕಬ್ಬಿಣದ್ದು ಹಾಕು ಅಂದ, ಎಲುಬು ಸೀಳತದ. ಕಡವಿ ಅಂದ್ರ ಸಣ್ಣ ಜೀವ ಅಲ್ಲ. ಒಂದೇ ಸಲ ಹೊಡಿಯಾದು. ಎರಡೂ ಅಂಗೈಯಾಗ ಹಿಡಕೊಂಡು ಕುಂತೆ. ತಲಿ ಕೆಟ್ಟು ಹೋತು..."

"ಮುಂದ?" ಅಂದರು ಮಸೂದ.

"ಮುಂದ ಕಡವಿ ಬಂತು." ನೀರು ಕುಡಿದರು. "ಹೋತು."

"ಹೊಡದ್ರೇನ್ರಿ?"

ಮಾವನಿಗೆ ಕೆಮ್ಮು ಬಂತು. ಮಸೂದ ಇಲ್ಲೇ ಉಳಿದಿದ್ದಾರೆ. ನಾಳೆ ಬಿಚ್ಚಿ ನೋಡುತ್ತಾರೆ. ಇವರು ಮದ್ದಿನ ಪುಡಿಕೆ ಜೇಬಿನಲ್ಲೇ ಇಟ್ಟುಕೊಂಡು ಮಲಗಿದ್ದಾರೆ.

ನವೆಂಬರ್ 21, ಮುಂಜಾನೆ 8

ಕಥೆ ಕೇಳಿದವರೆಲ್ಲ ಚಹಾ ಕುಡಿಯದೆ ಬಂದು ನಿಂತಿದ್ದರು. ಮಸೂದ ನಳಿಗೆಗೆ ಬೆಚ್ಚಗಿನ ನೀರು ಹಾಕಿ ನೆನೆಯಲು ಬಿಟ್ಟರು. ಕಂಬಿಗೆ ಸುರುಳಿ ಮೊಳೆ ಹಚ್ಚಿ ತಿರುವಿದರು. ಮಣ್ಣು ಬಂತು. ಮೆತ್ತಗಿನ ಕೆಂಪು ಮಣ್ಣು.

ಇವರು ನನ್ನ ಕಡೆ ನೋಡಿ ಹುಬ್ಬು ಏರಿಸಿದರು. "ಕುಂಬಾರ ಹುಳ. ನಾ ಏನ್ ಹೇಳಿದೆ?"

ನನಗೂ ಹಗುರಾಯಿತು. ನಾಚಿಕೆಯೂ ಆಯಿತು.

ಮಸೂದ ಮತ್ತೆ ತಿರುವಿದರು. ತೆಂಗಿನ ನಾರು ಬಂತು. ಅದರ ಹಿಂದೆ, ಮೊಳೆಗೆ ಚುಚ್ಚಿಕೊಂಡು, ಸೀಸದ ಗುಂಡು.

"ಅಂದ್ರ ಹೊಡದೇ ಇಲ್ಲ," ಅಂದಳು ಗಂಗುಬಾಯಿ. ಮಸೂದ ಬಂದೂಕು ಕೆಳಗಿಡಲಿಲ್ಲ. ಕಂಬಿ ಇನ್ನೂ ತಳ ಮುಟ್ಟಿಲ್ಲ ಅಂದರು. ಮತ್ತೆ ನೀರು. ಬಾಯಿ ಕೆಳಗೆ ಮಾಡಿ ಕಟ್ಟಿಗೆಯಿಂದ ತಟ್ಟಿದರು. ತುಕ್ಕು ಹಿಡಿದ ಕಬ್ಬಿಣದ ಗುಂಡು ಬುಟ್ಟಿಗೆ ಬಿತ್ತು. ಹಿಂದೆಯೇ ಮದ್ದು, ಕರಿ ರಾಡಿಯಾಗಿ.

"ಎರಡೂ ಜಡದಾರ," ಅಂದರು ಮಸೂದ. "ಅವತ್ತು ಹೊಡದಿದ್ರ ನಳಿಗಿ ಒಡದು ಮಲ್ಕಪ್ಪಾರು ಉಳಿತಿದ್ದಿಲ್ಲ. ನೀವು ಹುಟ್ಟತಿದ್ದಿಲ್ಲ, ಅಜಯಕುಮಾರ."

ಇವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಜೇಬಿನ ಪುಡಿಕೆ ತೆಗೆದು ನನ್ನ ಕೈಗೆ ಕೊಟ್ಟರು.

ಮಾವ ಬುಟ್ಟಿಯಿಂದ ಗುಂಡುಗಳನ್ನು ಎತ್ತಿಕೊಂಡರು. ಒಂದೊಂದನ್ನೇ ತೂಗಿ ನೋಡಿದರು.

"ಯಾವುದು ಚಲೋ ಅಂತ ಇನ್ನೂ ತಿಳೀವಲ್ದು," ಅಂದರು.

ಯಾರೂ ಹೊಲಕ್ಕೆ ಹೋಗಿಲ್ಲ. ಮಸೂದರ ಬೈಕು ಹಾಗೇ ನಿಂತಿದೆ. ನಾನು ಒಳಗೆ ಬಂದು ಪುಡಿಕೆ ಮೇಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಅಂಗಳದಲ್ಲಿ ಇವರ ದನಿ ಕೇಳುತ್ತಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಅಪ್ಪನ ಹತ್ತಿರ ಸರಿದು ಕೇಳುತ್ತಿದ್ದಾರೆ, "ಕಡವಿ ಎಷ್ಟು ದೂರ ಇತ್ತಪ್ಪಾ?"

"ದೂರ ಎಲ್ಲಿದು? ಇಲ್ಲೇ, ಗಂಗುಬಾಯಿ ನಿಂತಾಳಲ್ಲ..."

ಹೋಗಿ ಕೇಳಬೇಕು. ಈ ಸಲ ಏನು ಹೇಳುತ್ತಾರೋ—